ಮೂರನೇ ಮೆಷಿನ್ ಬೇಡವಾಯಿತು: ಹಾಳೆ ತಟ್ಟೆ ಶೆಡ್ಡನ್ನು ಸರಿಮಾಡಿದ ಕತೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆ ಹೋಗುವಾಗ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ತೋಟ. ತೋಟದ ತಲೆಗೆ ಒಂದು ಶೀಟಿನ ಶೆಡ್. 40 ಅಡಿ ಉದ್ದ, 20 ಅಡಿ ಅಗಲ. ಅದರೊಳಗೆ ಎರಡು ಹಾಳೆ ತಟ್ಟೆ ಮೆಷಿನ್, ಅಡಿಕೆ ಮರದಿಂದ ಬೀಳುವ ಹಾಳೆಯನ್ನು ಬಿಸಿಯಲ್ಲಿ ಒತ್ತಿ ತಟ್ಟೆ ಮಾಡುವಂಥದ್ದು. ಒತ್ತುವುದಕ್ಕೆ ಇಬ್ಬರು ಅಣ್ಣಂದಿರು, ತೊಳೆಯುವುದಕ್ಕೆ ಇಬ್ಬರು ಅಕ್ಕಂದಿರು, ಅಂಚು ಕತ್ತರಿಸಿ ಪ್ಯಾಕ್ ಮಾಡುವುದಕ್ಕೆ ನಾನು.

ಜನವರಿಯಿಂದ ಮೇ ತನಕ ನಮಗೆ ಪುರುಸೊತ್ತಿಲ್ಲ. ಮದುವೆ, ಉಪನಯನ, ಬ್ರಹ್ಮಕಲಶ, ಕಳಿಯಾಟ ಎಲ್ಲವೂ ಆಗಲೇ. 2020ರ ಜನವರಿಯಲ್ಲಿ ಕೇರಳದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ನಿಷೇಧವಾಯಿತು. 2022ರ ಜುಲೈಯಲ್ಲಿ ಇಡೀ ದೇಶಕ್ಕೇ ನಿಷೇಧ ಬಂತು. ಆಮೇಲೆ ಹಾಳೆ ತಟ್ಟೆ ಕೇಳಿಕೊಂಡು ಬರುವವರು ಇನ್ನೂ ಜಾಸ್ತಿಯಾದರು. ನಾವು ಮಾತ್ರ ಪ್ರತಿ ಆರ್ಡರಿಗೂ ಎರಡು ದಿನ ತಡ. ಮೆಷಿನ್ ಸಾಲುವುದಿಲ್ಲ ಎಂದು ಲೆಕ್ಕ ಹಾಕಿದೆ. ಮೂರನೇ ಮೆಷಿನ್ನಿಗೆ ಸಾಲದ ಕಾಗದ ಕೂಡ ತಂದಿಟ್ಟೆ.

ಆ ವಾರ ಮನೆಯಲ್ಲಿ ಒಂದು ಪೂಜೆ ಇತ್ತು. ಹೊಸೂರಿನಲ್ಲಿ ವಾಹನದ ಬಿಡಿಭಾಗ ಮಾಡುವ ಕಂಪೆನಿಯಲ್ಲಿ ಕೆಲಸ ಮಾಡುವ ಭಾವ ಬಂದಿದ್ದರು. ಊಟ ಆದಮೇಲೆ ಶೆಡ್ಡಿಗೆ ಬಂದು ಅರ್ಧ ಗಂಟೆ ನಿಂತರು. ಹೊರಡುವಾಗ ಹೇಳಿದ್ದು ಇಷ್ಟೇ: "ಮಿಷನು ತೆಗವ ಮದಲು ಒಂದು ದಿನ ಕೂದು ನೋಡು ಭಾವ." ಮೆಷಿನ್ ಕೊಳ್ಳುವ ಮೊದಲು ಒಂದು ದಿನ ಕೂತು ನೋಡು ಎಂದು.

ಹಾಗೆ ಕೂತು ನೋಡಿದ ದಿನದಿಂದ ಈ ಕೆಲಸ ಶುರುವಾಯಿತು. ಹಾಳೆ ತಟ್ಟೆ ಮಾಡುವವರು ನಮ್ಮ ಸುತ್ತಮುತ್ತ ತುಂಬ ಜನ ಇದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ಎಲ್ಲ ಬರೆದಿಡುತ್ತಿದ್ದೇನೆ, ಹಾಳಾದದ್ದನ್ನೂ ಸೇರಿಸಿ.

ಕೂತು ನೋಡಿದ ದಿನ

ಒಂದು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಶೆಡ್ಡಿನ ನಕ್ಷೆ ಬರೆದೆ. ಒಬ್ಬ ಅಕ್ಕ ನಡೆದಾಡಿದ ಹಾಗೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತ ಹೋದೆ. ಮಧ್ಯಾಹ್ನಕ್ಕೆ ಕಾಗದದಲ್ಲಿ ಜಾಗವೇ ಉಳಿಯಲಿಲ್ಲ. ನೆನೆಸುವ ಟ್ಯಾಂಕಿ ಬಾವಿಯ ಬದಿಯಲ್ಲಿ, ಪೂರ್ವಕ್ಕೆ. ಮೆಷಿನ್ ಪಶ್ಚಿಮದ ಮೂಲೆಯಲ್ಲಿ. ನಡುವೆ 34 ಹೆಜ್ಜೆ. ಒದ್ದೆ ಹಾಳೆಯ ಕಟ್ಟು ಹೊತ್ತುಕೊಂಡು ಅಕ್ಕಂದಿರು ದಿನವಿಡೀ ಅದೇ 34 ಹೆಜ್ಜೆ ನಡೆಯುತ್ತಿದ್ದರು. ಮೂರು ವರ್ಷ ನಾನು ಅದನ್ನು ನೋಡಿದ್ದೆ, ಒಮ್ಮೆಯೂ ಲೆಕ್ಕ ಹಾಕಿರಲಿಲ್ಲ.

ಮೆಷಿನ್ನಿಗೆ ಗಡಿಯಾರ ಹಿಡಿದಾಗ ಇನ್ನೂ ಬೇಸರವಾಯಿತು. ಊಟದ ಹೊತ್ತು ಬಿಟ್ಟರೆ ನಮ್ಮದು 420 ನಿಮಿಷದ ದಿನ. ಒಂದನೇ ಮೆಷಿನ್ ನಿಜವಾಗಿ ಒತ್ತಿದ್ದು 240 ನಿಮಿಷ. ಉಳಿದ ಮೂರು ಗಂಟೆ ಅದು ಬಿಸಿಯಾಗಿ, ಕರೆಂಟ್ ತಿಂದುಕೊಂಡು, ಸುಮ್ನೆ ನಿಂತಿತ್ತು. ಹಾಳೆ ಬರುವ ತನಕ ಕಾಯುವುದು ಒಂದು ಕಾರಣ. ಡೈ, ಅಂದರೆ ತಟ್ಟೆಗೆ ಆಕಾರ ಕೊಡುವ ಅಚ್ಚು, ಬದಲಿಸುವುದು ಇನ್ನೊಂದು. ಅವತ್ತು 12 ಇಂಚಿನ ಊಟದ ತಟ್ಟೆಯಿಂದ 6 ಇಂಚಿನ ಬಟ್ಟಲಿಗೆ ಬದಲಿಸಬೇಕಿತ್ತು. 55 ನಿಮಿಷ ಹಿಡಿಯಿತು. ಅದರಲ್ಲಿ 12 ನಿಮಿಷ ನಾವು ಮೂವರೂ ಬೋಲ್ಟು ಬಿಚ್ಚುವ 6 ಎಂಎಂ ಅಲೆನ್ ಕೀ ಹುಡುಕುತ್ತಿದ್ದೆವು. ಕೊನೆಗೆ ಅದು ಬೈಕಿನ ಸೀಟಿನ ಕೆಳಗೆ ಸಿಕ್ಕಿತು.

ರಾತ್ರಿ ಫೋನಿನಲ್ಲಿ ಹೇಳಿದಾಗ ಭಾವ ಒಂದು ಸಂಗತಿ ಹೇಳಿದರು. ಅದು ನನ್ನ ಮನಸ್ಸಿನಲ್ಲಿ ಇಳಿದುಬಿಟ್ಟಿದೆ. 1950ರಲ್ಲಿ ಜಪಾನಿನ ಹಿರೋಶಿಮಾದಲ್ಲಿ ಟೊಯೊ ಕೋಗ್ಯೊ ಎಂಬ ಕಾರ್ಖಾನೆ, ಈಗಿನ ಮಜ್ದಾ. ಅಲ್ಲಿ ತಗಡು ಒತ್ತುವ ದೊಡ್ಡ ಪ್ರೆಸ್ಸುಗಳಿಂದಾಗಿ ಕೆಲಸ ಕಟ್ಟಿಕೊಳ್ಳುತ್ತಿತ್ತು. ಇನ್ನಷ್ಟು ಪ್ರೆಸ್ ಕೊಳ್ಳಬೇಕು ಎಂದು ಅಲ್ಲಿನ ಮ್ಯಾನೇಜರರ ಯೋಚನೆ. ಶಿಗೆಯೊ ಶಿಂಗೊ ಎಂಬ ಎಂಜಿನಿಯರ್ ಕೂತು ನೋಡಿದರು. 800 ಟನ್ನಿನ ಪ್ರೆಸ್ಸಿನ ಡೈ ಬದಲಿಸುವಾಗ ಒಂದು ಬೋಲ್ಟು ಇಲ್ಲ. ಕೆಲಸದವರು ಒಂದು ಗಂಟೆಗಿಂತ ಹೆಚ್ಚು ಹುಡುಕಿದರು. ಆಮೇಲೆ ಪಕ್ಕದ ಮೆಷಿನಿನ ಉದ್ದ ಬೋಲ್ಟು ತಂದು, ಕತ್ತರಿಸಿ, ಹಲ್ಲು ಹಾಕಿ ಕೂರಿಸಿದರು. ಅಷ್ಟು ಹೊತ್ತೂ ಪ್ರೆಸ್ ನಿಂತಿತ್ತು.

ಅದು ಹಿರೋಶಿಮಾ, ಇದು ಬದಿಯಡ್ಕ. ಆದರೂ ಎರಡೂ ಕಡೆ ಒಂದೇ ಕತೆ, ಅಲ್ವಾ? ಸಾಲದ ಕಾಗದವನ್ನು ಡ್ರಾಯರಿನಲ್ಲಿ ಇಟ್ಟೆ.

ಮೊದಲ ಭಾನುವಾರ: ಕೆಂಪು ಚೀಟಿ

ಶೆಡ್ಡು ಸರಿಮಾಡಲು ನಾವು ಹಿಡಿದದ್ದು ಜಪಾನಿನ ಟೊಯೊಟಾದಂಥ ಕಾರು ಕಾರ್ಖಾನೆಗಳಲ್ಲಿ ಬೆಳೆದ ಒಂದು ಕ್ರಮ. ಅದಕ್ಕೆ 5ಎಸ್ ಎನ್ನುತ್ತಾರೆ. ಐದು ಜಪಾನಿ ಪದಗಳು: ಸೈರಿ, ಸೈಟೊನ್, ಸೈಸೊ, ಸೈಕೆತ್ಸು, ಶಿತ್ಸುಕೆ. ಬೇಡದ್ದನ್ನು ತೆಗೆಯುವುದು, ಬೇಕಾದ್ದಕ್ಕೆ ಜಾಗ ಮಾಡುವುದು, ಗುಡಿಸಿ ಒರೆಸುವುದು, ಅದನ್ನೇ ಕ್ರಮ ಮಾಡುವುದು, ಆ ಕ್ರಮ ಬಿಡದಿರುವುದು. ಹೆಸರು ಹೊಸತು, ವಿಷಯ ನಮಗೆ ಗೊತ್ತಿರುವುದೇ. ಯಕ್ಷಗಾನದವರು ವೇಷ ಕಟ್ಟುವ ಚೌಕಿಗೆ ಹೋಗಿ ನೋಡಿ. ಯಾವ ವೇಷ ಎಲ್ಲಿ ಕೂರಬೇಕು, ಕಿರೀಟ ಎಲ್ಲಿ, ಗೆಜ್ಜೆ ಎಲ್ಲಿ ಎಲ್ಲಕ್ಕೂ ಜಾಗ ಉಂಟು. ಅರ್ಧ ರಾತ್ರಿಯಲ್ಲಿ ರಂಗ ಏರಬೇಕಾದವರು ಭುಜಕೀರ್ತಿ ಹುಡುಕುತ್ತ ನಿಂತರೆ ಆಟ ನಡೆಯುವುದಿಲ್ಲ.

ಭಾನುವಾರ ಮೆಷಿನ್ ನಿಲ್ಲಿಸಿ ಐವರೂ ಸೇರಿದೆವು. ಈ ಸೀಸನಿನಲ್ಲಿ ಒಮ್ಮೆಯೂ ಬಳಸದ ವಸ್ತುವಿಗೆಲ್ಲ ಒಂದು ಕೆಂಪು ಚೀಟಿ ಕಟ್ಟಿದೆವು. ಸುಟ್ಟ ಹೀಟರ್ ಕಾಯಿಲ್ ಐದು. ತುದಿ ಮುರಿದ ಡೈ. ತೋಟಕ್ಕೆ ಮದ್ದು ಬಿಡುವ ಗಟಾರ್ ಪಂಪಿನ ಬಿರುಕು ಬಿಟ್ಟ ಪೈಪು. ಫುಟ್‌ವಾಲ್ವ್ ಎರಡು. ತೇವ ಹಿಡಿದು ಬಾಗಿದ ರಟ್ಟಿನ ಪೆಟ್ಟಿಗೆಗಳು. ಬೂಸ್ಟು ಬಂದ ಹಾಳೆ ಹನ್ನೊಂದು ಕಟ್ಟು. ಈ ಹಾಳೆ ನೋಡಿ ನಿಜಕ್ಕೂ ಸಂಕಟವಾಯಿತು. ಒಂದು ಅಡಿಕೆ ಮರದಿಂದ ವರ್ಷಕ್ಕೆ ಬೀಳುವುದು ಐದಾರು ಹಾಳೆ. ಅದನ್ನು ಯಾರೋ ಹೆಕ್ಕಿ, ಒಣಗಿಸಿ, ತಲೆಹೊರೆಯಲ್ಲಿ ತಂದುಕೊಟ್ಟದ್ದು.

ಅಪ್ಪನಿಗೆ ಈ ಕೆಲಸ ಇಷ್ಟವಾಗಲಿಲ್ಲ. "ಇರಲಿ, ಒಂದು ದಿನ ಬೇಕಾಗ್ತದೆ" ಎಂದರು. ಅವರ ಮಾತು ಸುಳ್ಳಲ್ಲ. ಪೇಟೆ ದೂರ ಇರುವ ಊರಿನಲ್ಲಿ ಒಂದು ಹಳೇ ಬೋಲ್ಟಿಗೂ ಬೆಲೆ ಇದೆ. ಹಾಗಾಗಿ ಏನನ್ನೂ ಎಸೆಯಲಿಲ್ಲ. ಚೀಟಿ ಕಟ್ಟಿದ್ದನ್ನೆಲ್ಲ ದನದ ಹಟ್ಟಿಯ ಪಕ್ಕದ ಖಾಲಿ ಕೋಣೆಯಲ್ಲಿಟ್ಟು, ಚೀಟಿಯ ಮೇಲೆ ತಾರೀಕು ಬರೆದೆವು. ಒಂದು ತಿಂಗಳು ಯಾರೂ ಕೇಳದಿದ್ದರೆ ಗುಜರಿಗೆ. ತಿಂಗಳಲ್ಲಿ ಒಂದು ಫುಟ್‌ವಾಲ್ವನ್ನು ಅಪ್ಪ ತೋಟಕ್ಕೆ ಒಯ್ದರು. ಉಳಿದದ್ದು ಹೋಯಿತು.

ಟ್ಯಾಂಕಿ ಮತ್ತು ಸ್ಟ್ಯಾಂಡ್

ಈ ಭಾಗಕ್ಕೆ ಅತಿ ಹೆಚ್ಚು ದಿನ ಹಿಡಿಯಿತು, ತಪ್ಪೂ ಇಲ್ಲೇ ಜಾಸ್ತಿ ಆದದ್ದು.

ಮೊದಲು ನಾವು ಬೆಳಿಗ್ಗೆಯೇ 300 ಹಾಳೆ ನೆನೆಸಿ, ತೊಳೆದು, ಮೆಷಿನಿನ ಹತ್ತಿರ ರಾಶಿ ಹಾಕುತ್ತಿದ್ದೆವು. ಒಮ್ಮೆಗೇ ತೊಳೆದರೆ ಕೆಲಸ ಮುಗಿಯಿತಲ್ಲ ಎಂದು. ಮಧ್ಯಾಹ್ನಕ್ಕೆ ಮೇಲಿನ ಹಾಳೆ ಒಣಗಿ, ಡೈಯ ಅಂಚಿನಲ್ಲಿ ಬಿರಿಯುತ್ತಿತ್ತು. ಅಡಿಯಲ್ಲಿದ್ದದ್ದು ನೀರು ಕುಡಿದು ಮೆತ್ತಗಾಗಿ, ಒತ್ತುವಾಗ ಹಬೆ ಬಂದು ತಟ್ಟೆ ಸೊಟ್ಟ ಆಗುತ್ತಿತ್ತು. ಕರೆಂಟ್ ಹೋದರೆ ಕೇಳುವುದೇ ಬೇಡ, ನೆನೆದ ರಾಶಿ ಮರುದಿನಕ್ಕೆ ವಾಸನೆ.

ಟೊಯೊಟಾದ ಎಂಜಿನಿಯರ್ ಟಾಯಿಚಿ ಓನೊ ಕಾರ್ಖಾನೆಯ ನಷ್ಟವನ್ನು ಏಳು ಬಗೆ ಮಾಡಿ ಹೇಳಿದ್ದಾರೆ. ಕಾಯುವುದು, ಸುಮ್ನೆ ಓಡಾಡುವುದು, ಸಾಮಾನನ್ನು ಅತ್ತಿಂದಿತ್ತ ಸಾಗಿಸುವುದು, ಬೇಡದ ಕೆಲಸ ಮಾಡುವುದು, ರಾಶಿ ಹಾಕಿಡುವುದು, ಹಾಳು ಮಾಲು ಮಾಡುವುದು, ಬೇಕಾದ್ದಕ್ಕಿಂತ ಮೊದಲೇ ಹೆಚ್ಚು ಮಾಡಿಡುವುದು. ಕೊನೆಯದೇ ಎಲ್ಲಕ್ಕಿಂತ ಕೆಟ್ಟದ್ದು ಎಂದು ಅವರ ಮಾತು. ಉಳಿದ ನಷ್ಟಗಳು ಅದರ ಹಿಂದೆಯೇ ಬರುತ್ತವೆ. ನಮ್ಮ 300 ಹಾಳೆಯ ರಾಶಿ ನೋಡಿದರೆ ಆ ಮಾತು ತಾನಾಗಿ ಅರ್ಥವಾಗುತ್ತದೆ.

ಟ್ಯಾಂಕಿಯನ್ನು ಮೆಷಿನಿನಿಂದ 6 ಹೆಜ್ಜೆಗೆ ತಂದೆವು. ಹೊತ್ತುಕೊಂಡು ಹೋಗುವ ಕೆಲಸವನ್ನು ನೀರಿಗೆ ಕೊಟ್ಟೆವು. ಬಾವಿಯ ಪಂಪಿನಿಂದ ಒಂದು ಇಂಚಿನ ಪಿವಿಸಿ ಪೈಪು ಎಳೆದರೆ ಆಯಿತು. ಟ್ಯಾಂಕಿಗೂ ಮೆಷಿನ್ನಿಗೂ ನಡುವೆ ನೀರು ಇಳಿಯಲು ಒಂದು ಸ್ಟ್ಯಾಂಡ್. ಸರಿಯಾಗಿ 40 ಹಾಳೆ ಹಿಡಿಯುವಷ್ಟು. ಎರಡೂ ಮೆಷಿನ್ನಿಗೆ ಅರ್ಧ ಗಂಟೆಗೆ ಅಷ್ಟು ಸಾಕು. ಸ್ಟ್ಯಾಂಡ್ ತುಂಬಿದರೆ ತೊಳೆಯುವುದು ನಿಲ್ಲಬೇಕು. ಜಾಗ ಖಾಲಿಯಾದರೆ ಮಾತ್ರ ಮುಂದಿನ ಹಾಳೆ ನೀರಿಗೆ. ಖಾಲಿ ಜಾಗ ನೋಡಿ ತುಂಬಿಸುವ ಈ ಉಪಾಯ ಓನೊ ಅವರಿಗೆ ಹೊಳೆದದ್ದು ಅಮೆರಿಕದ ಸೂಪರ್ ಮಾರ್ಕೆಟ್‌ಗಳ ಕ್ರಮದಿಂದ.

ಮೊದಲ ಸ್ಟ್ಯಾಂಡನ್ನು ಕಬ್ಬಿಣದ ಆ್ಯಂಗಲಿನಲ್ಲಿ ವೆಲ್ಡ್ ಮಾಡಿಸಿದೆ. ಎರಡೇ ದಿನದಲ್ಲಿ ತಟ್ಟೆಯ ಮೇಲೆ ಕಪ್ಪು ಗೆರೆ. ಹಾಳೆಯಲ್ಲಿ ಒಗರು ಇರುತ್ತದೆ. ಒದ್ದೆ ಇರುವಾಗ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಕಾಯಡಿಕೆ ಕತ್ತರಿಸಿದ ಕತ್ತಿ ಕಪ್ಪಾಗುವುದನ್ನು ನೋಡಿಯೂ ನನಗೆ ಇದು ತಲೆಗೆ ಬರಲಿಲ್ಲ. ಆ್ಯಂಗಲನ್ನು ಕಾಲಿಗೆ ಮಾತ್ರ ಉಳಿಸಿ, ಹಾಳೆ ತಾಗುವ ಜಾಗಕ್ಕೆಲ್ಲ ಮುಕ್ಕಾಲು ಇಂಚಿನ ಪಿವಿಸಿ ಪೈಪು ಅಡ್ಡ ಹಾಕಿದೆ. ಗೆರೆ ಹೋಯಿತು.

ಎರಡನೇ ತಪ್ಪು ದೊಡ್ಡದು. ಸ್ಟ್ಯಾಂಡಿನಿಂದ ಇಳಿದ ನೀರು ನೆಲದಲ್ಲಿ ಮೆಷಿನಿನ ಕಡೆಗೇ ಹರಿಯಿತು. ಅಲ್ಲಿ ಹೀಟರಿನ ವಯರು. ನೋಡಿದ ಕೂಡಲೇ ಮೈನ್ ಆಫ್ ಮಾಡಿ, ಅವತ್ತಿನ ಕೆಲಸ ನಿಲ್ಲಿಸಿದೆ. 4 ಇಂಚಿನ ಪೈಪನ್ನು ಉದ್ದಕ್ಕೆ ಸೀಳಿ ಸ್ಟ್ಯಾಂಡಿನ ಅಡಿಗೆ ನೀರು ಹರಿಯುವ ದಂಬೆಯಂತೆ ಕಟ್ಟಿದೆವು. ನೀರು ಈಗ ನೇರ ಬಾಳೆಯ ಬುಡಕ್ಕೆ ಹೋಗುತ್ತದೆ. ಎಲೆಕ್ಟ್ರಿಶನ್ ಬಂದು ವಯರನ್ನೆಲ್ಲ ನೆಲದಿಂದ ನಾಲ್ಕು ಅಡಿ ಮೇಲಕ್ಕೆ ಏರಿಸಿದರು, ಅರ್ತಿಂಗ್ ನೋಡಿದರು, ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಇಎಲ್‌ಸಿಬಿ ಸ್ವಿಚ್ ಹಾಕಿದರು. ನೀರನ್ನು ಮೆಷಿನಿನ ಹತ್ತಿರ ತರುವವರು ದಯವಿಟ್ಟು ಈ ಕೆಲಸ ಮೊದಲು ಮಾಡಿ, ಟ್ಯಾಂಕಿ ಆಮೇಲೆ ತನ್ನಿ.

ಅಳತೆಯ ಬಿಲ್ಲೆ

ಇದು ಸಣ್ಣ ಕೆಲಸ. ಆದರೆ ನನಗೆ ಅತಿ ಖುಷಿ ಕೊಟ್ಟದ್ದು ಇದೇ.

ಹಾಳೆ ಎಲ್ಲ ಒಂದೇ ಅಗಲ ಇರುವುದಿಲ್ಲ. ಮೊದಲು ತೊಳೆದು ಮೆಷಿನ್ನಿಗೆ ತಂದ ಮೇಲೆ, ಇದು 12ಕ್ಕೆ ಸಾಲದು, ಇದನ್ನು 8ಕ್ಕೆ ಇಡು ಎಂದು ಬದಿಗೆ ಹಾಕುತ್ತಿದ್ದೆವು. ಬದಿಗೆ ಹಾಕಿದ್ದು ಒಣಗುತ್ತಿತ್ತು, ಮತ್ತೆ ನೆನೆಸಬೇಕಿತ್ತು. ಈಗ 6 ಎಂಎಂ ಪ್ಲೈವುಡ್ಡಿನಲ್ಲಿ ಮೂರು ದುಂಡನೆ ಬಿಲ್ಲೆ ಕತ್ತರಿಸಿದ್ದೇನೆ. 13 ಇಂಚು, 11 ಇಂಚು, 9 ಇಂಚು. ತಟ್ಟೆಗಿಂತ ಒಂದೊಂದು ಇಂಚು ದೊಡ್ಡದು, ಅಂಚು ಕತ್ತರಿಸಲಿಕ್ಕೆ. ಒಣ ಹಾಳೆಯ ಮೇಲೆ ಬಿಲ್ಲೆ ಇಟ್ಟು ನೋಡಿ, ಅದು ಪೂರ್ತಿ ಕೂತರೆ ಆ ಬುಟ್ಟಿಗೆ. ಒಡಕು ಇದ್ದರೆ ಬಿಲ್ಲೆಯನ್ನು ಸರಿಸಿ, ಒಡಕು ತಪ್ಪಿಸಿ ಇಡಬಹುದಾ ನೋಡುವುದು. ಇಲ್ಲದಿದ್ದರೆ ಒಂದು ಅಳತೆ ಇಳಿಸುವುದು. 9 ಇಂಚೂ ಕೂರದಿದ್ದರೆ ಬಟ್ಟಲಿಗೆ. ತೊಳೆಯುವ ಹಿರಿಯ ಅಕ್ಕ ಈಗ ಬಿಲ್ಲೆ ಇಡದೆ ಕಣ್ಣಳತೆಯಲ್ಲೇ ಹೇಳುತ್ತಾರೆ, ತಪ್ಪುವುದೂ ಇಲ್ಲ. ಉಳಿದ ತುಂಡು ಹಸುವಿಗೆ ಹೋಗುತ್ತದೆ, ಅದು ಮೊದಲಿನಿಂದಲೂ ಹಾಗೆಯೇ.

ಡೈ ಬದಲಿಸುವುದು

ಶಿಂಗೊ ಅವರ ಉಪಾಯದ ತಿರುಳು ಸರಳ. ಮೆಷಿನ್ ನಿಂತಾಗಲೇ ಮಾಡಬೇಕಾದ ಕೆಲಸ ಯಾವುದು, ಮೆಷಿನ್ ಓಡುವಾಗಲೇ ಮಾಡಿಟ್ಟುಕೊಳ್ಳಬಹುದಾದ ಕೆಲಸ ಯಾವುದು, ಬೇರೆ ಮಾಡಿ. 1969ರಲ್ಲಿ ಟೊಯೊಟಾದಲ್ಲಿ 1000 ಟನ್ನಿನ ಪ್ರೆಸ್ಸಿನ ಡೈ ಬದಲಿಸಲು ನಾಲ್ಕು ಗಂಟೆ ಬೇಕಾಗುತ್ತಿತ್ತು. ಮೊದಲು ಅದನ್ನು ಒಂದೂವರೆ ಗಂಟೆಗೆ ಇಳಿಸಿದರು, ಆಮೇಲೆ ಮೂರು ನಿಮಿಷಕ್ಕೆ.

ನಮ್ಮ 55 ನಿಮಿಷವನ್ನು ಹಾಗೆ ಬಿಡಿಸಿದೆ. ಕೀ ಹುಡುಕಲು 12, ಬೋಲ್ಟು ಬಿಚ್ಚಿ ಬಿಗಿಯಲು 10, ವಯರು ಬಿಚ್ಚಿ ಸೇರಿಸಲು 8, ಹೊಸ ಡೈ ಬಿಸಿಯಾಗಲು 25. ಅಂದರೆ ಮೆಷಿನ್ ನಿಂತಾಗ ಮಾಡಲೇಬೇಕಾದ್ದು ಬೋಲ್ಟಿನ ಕೆಲಸ ಒಂದೇ.

ಕೀಗೆ ಒಂದು ಬೋರ್ಡು ಮಾಡಿದೆ. 12 ಎಂಎಂ ಪ್ಲೈವುಡ್ಡಿಗೆ ಬಿಳಿ ಬಣ್ಣ. ಅದರ ಮೇಲೆ ಒಂದೊಂದು ಸ್ಪ್ಯಾನರ್, ಕೀ, ಇಕ್ಕಳ ಇಟ್ಟು ಸುತ್ತ ಗೆರೆ ಎಳೆದು, ಒಳಗೆ ಕಪ್ಪು ತುಂಬಿದೆ. ಉಪಕರಣ ತೆಗೆದರೆ ಅದರ ನೆರಳು ಕಾಣುತ್ತದೆ. ಏನು ಇಲ್ಲ ಎಂದು ಯಾರಿಗೂ ಓದಿ ತಿಳಿಯಬೇಕಾಗಿಲ್ಲ. ನಮ್ಮಲ್ಲಿ ಒಬ್ಬರು ಕನ್ನಡ ಓದುತ್ತಾರೆ, ಒಬ್ಬರು ಮಲಯಾಳ ಮಾತ್ರ, ಮಾತು ಹೆಚ್ಚಾಗಿ ತುಳು. ಹಾಗಾಗಿ ಡೈಗಳಿಗೂ ಹೆಸರು ಬರೆಯಲಿಲ್ಲ. 12ಕ್ಕೆ ಹಳದಿ, 10ಕ್ಕೆ ನೀಲಿ, 8ಕ್ಕೆ ಹಸಿರು, ಬಟ್ಟಲಿಗೆ ಕೆಂಪು ಬೊಟ್ಟು. ಹಾಳೆಯ ಬುಟ್ಟಿಗೂ ಅದೇ ಬಣ್ಣ.

ಎರಡೂ ಮೆಷಿನಿನ ಬೋಲ್ಟುಗಳನ್ನು ಒಂದೇ ಅಳತೆಗೆ ತಂದೆವು. ಹೀಟರ್ ವಯರನ್ನು ಸ್ಕ್ರೂನಲ್ಲಿ ಬಿಗಿಯುವ ಬದಲು, ಶಾಖ ತಡೆಯುವ ಪಿಂಗಾಣಿಯ ಪ್ಲಗ್ ಹಾಕಿಸಿದೆವು. ಮೆಷಿನಿನ ಮೇಜಿನಷ್ಟೇ ಎತ್ತರದ ಒಂದು ಗಾಲಿ ಬಂಡಿ ಮಾಡಿಸಿದೆವು. ಮುಂದಿನ ಡೈ ಅದರ ಮೇಲೆಯೇ ಅರ್ಧ ಕಾವಿಗೆ ಬರುತ್ತದೆ. ಆಮೇಲೆ ಪ್ಲಗ್ ತೆಗೆದು, ಚರ್ಮದ ಕೈಗವಸು ಹಾಕಿ, ಇಬ್ಬರು ಸೇರಿ ಜಾರಿಸುತ್ತೇವೆ. ಎತ್ತುವುದಿಲ್ಲ. ಈಗ 18 ನಿಮಿಷ. ಇದರ ದೊಡ್ಡ ಲಾಭ ಬೇರೆಯೇ. ಮೊದಲು ಡೈ ಬದಲಿಸುವ ಕಷ್ಟಕ್ಕೆ ಹೆದರಿ, ಒಂದೇ ಅಳತೆಯ ತಟ್ಟೆಯನ್ನು ನಾಲ್ಕು ದಿನ ಒತ್ತಿ ರಾಶಿ ಹಾಕುತ್ತಿದ್ದೆವು. ಈಗ ಆರ್ಡರಿಗೆ ತಕ್ಕ ಹಾಗೆ ದಿನಕ್ಕೆ ಎರಡು ಸಲ ಬದಲಿಸುತ್ತೇವೆ. ಸಿದ್ಧ ತಟ್ಟೆಯ ರಾಶಿ ಅರ್ಧಕ್ಕೆ ಇಳಿದು, ಪ್ಯಾಕಿಂಗಿಗೆ ಜಾಗ ಸಿಕ್ಕಿತು.

ನೆಲದ ಗೆರೆ, ಅಟ್ಟದ ಕಟ್ಟು

ಬಂಡಿಯ ಜಾಗ, ಬುಟ್ಟಿಯ ಜಾಗ ಗುರುತಿಸಲು ನೆಲಕ್ಕೆ ಹಳದಿ ಪೈಂಟ್ ಎಳೆದೆ. ನೀರು ಬೀಳುವ ಕಡೆ ವಾರದೊಳಗೆ ಎದ್ದುಹೋಯಿತು. ಪೇಟೆಯ ಟೈಲ್ಸ್ ಅಂಗಡಿಯಿಂದ ತುಂಡು ಟೈಲ್ಸ್ ತಂದು, ನೆಲ ಸ್ವಲ್ಪ ಕೊರೆದು ಸಿಮೆಂಟಿನಲ್ಲಿ ಕೂರಿಸಿದೆ. ಅದು ನಿಂತಿದೆ.

ಅಟ್ಟದಲ್ಲಿ ಒಣ ಹಾಳೆಯ ಹೊಸ ಕಟ್ಟನ್ನು ಹಳೆಯದರ ಮೇಲೆ ಪೇರಿಸುವುದನ್ನು ಬಿಟ್ಟೆವು. ಅಡಿಯ ಹಳೇ ಕಟ್ಟು ಮಳೆಗಾಲದ ತನಕ ಅಲ್ಲೇ ಉಳಿದು ಬೂಸ್ಟು ಹಿಡಿಯುತ್ತಿದ್ದದ್ದು ಅದರಿಂದಲೇ. ಈಗ ಪೂರ್ವದಿಂದ ಇಡುವುದು, ಪಶ್ಚಿಮದಿಂದ ತೆಗೆಯುವುದು. ಕಟ್ಟಿಗೆ ಸೀಮೆಸುಣ್ಣದಲ್ಲಿ ತಿಂಗಳಿನ ಅಂಕೆ. ಅಡಿಗೆ ಅರ್ಧ ಅಡಿ ಎತ್ತರದ ಅಡಿಕೆ ಸಲಾಕೆಯ ಹಾಸು.

ಮೂರನೇ ವಾರ ಎಲ್ಲ ಕೆಟ್ಟಿತು

ಒಂದು ದೇವಸ್ಥಾನದ ದೊಡ್ಡ ಆರ್ಡರ್ ಬಂತು. ಮೂರು ದಿನ ರಾತ್ರಿ ತನಕ ಕೆಲಸ. ನಾಲ್ಕನೇ ದಿನ ನೋಡಿದರೆ ಬೋರ್ಡಿನಲ್ಲಿ ಎಲ್ಲ ನೆರಳೇ, ಒಂದು ಉಪಕರಣವೂ ಇಲ್ಲ. ಬ್ರಷ್ಷುಗಳು ಟ್ಯಾಂಕಿಯ ಅಂಚಿನಲ್ಲಿ, ಕತ್ತರಿ ಕಿಟಕಿಯಲ್ಲಿ. ನನಗೆ ಸಿಟ್ಟು ಬಂತು. ಹೇಳಿಕೊಟ್ಟರೂ ಮಾಡುವುದಿಲ್ಲವಲ್ಲ ಎಂದು ಸ್ವರ ಏರಿಸಿದೆ.

ಕಿರಿಯ ಅಕ್ಕ ಬ್ರಷ್ ತೆಗೆದುಕೊಂಡು ಬೋರ್ಡಿನ ಹತ್ತಿರ ಹೋಗಿ, ಹಿಮ್ಮಡಿ ಎತ್ತಿ ನಿಂತು ಕೊಕ್ಕೆಗೆ ಕೈ ಚಾಚಿದರು. "ಅಣ್ಣೆರೆ, ಕೈ ಎತ್ತುಜಿ" ಎಂದರು. ಕೈಗೆ ಎಟಕುವುದಿಲ್ಲ.

ನಾನು ಕೊಕ್ಕೆ ಹೊಡೆದದ್ದು ನನ್ನ ಎತ್ತರಕ್ಕೆ. ಬೋರ್ಡು ಹಾಕಿದ್ದು ನನ್ನ ಮೇಜಿನ ಹಿಂದೆ, ನನಗೆ ಕಾಣುವ ಹಾಗೆ. ಯಾರ ಕೈಗೆ ಬೇಕೋ ಅವರನ್ನು ಕೇಳಿರಲಿಲ್ಲ. ಅವತ್ತೇ ಅಕ್ಕಂದಿರ ಹತ್ತಿರ ತಪ್ಪಾಯಿತು ಎಂದೆ.

ಬೋರ್ಡನ್ನು ಮೂರು ತುಂಡು ಮಾಡಿದೆವು. ಡೈಯ ಕೀಗಳು ಮೆಷಿನಿನ ಮೈಯಲ್ಲೇ, ಒತ್ತುವ ಅಣ್ಣಂದಿರು ತೋರಿಸಿದ ಕಡೆ. ಬ್ರಷ್ಷುಗಳು ಟ್ಯಾಂಕಿಯ ಮೇಲೆ ಒಂದು ಹಗ್ಗದಲ್ಲಿ, ಕೂತಲ್ಲಿಂದಲೇ ಸಿಗುವ ಹಾಗೆ. ಕತ್ತರಿ, ಟೇಪು ನನ್ನ ಮೇಜಿನಲ್ಲಿ. ಹಿರಿಯ ಅಕ್ಕ ಇನ್ನೊಂದು ಹೇಳಿದರು. ಟ್ಯಾಂಕಿ ತುಂಬ ತಗ್ಗು, ದಿನವಿಡೀ ಬಗ್ಗಿ ಸೊಂಟ ಹೋಗುತ್ತದೆ. ಕಲ್ಲಿನ ಒಂದು ಸಾಲು ಕಟ್ಟಿ 9 ಇಂಚು ಎತ್ತರಿಸಿದೆವು. ನಾನು ಹೆಜ್ಜೆ ಎಣಿಸಿದ್ದೆ, ಬಗ್ಗುವುದನ್ನು ಎಣಿಸಿರಲಿಲ್ಲ.

ಸಂಜೆ ಕೊನೆಯ ಹತ್ತು ನಿಮಿಷ ಈಗ ಎಲ್ಲರೂ ಸೇರಿ ಗುಡಿಸಿ, ಒರೆಸಿ, ಬೋರ್ಡು ನೋಡುತ್ತೇವೆ. ಆ ಹತ್ತು ನಿಮಿಷ ಸಂಬಳದ ಹೊತ್ತಿನ ಒಳಗೇ. ಹೊರಗೆ ಇಟ್ಟರೆ ನಡೆಯುವುದಿಲ್ಲ, ಇಡುವುದು ನ್ಯಾಯವೂ ಅಲ್ಲ. ಒರೆಸುವಾಗಲೇ ಒಂದು ಸಂಜೆ ಎರಡನೇ ಮೆಷಿನಿನ ಹೈಡ್ರಾಲಿಕ್ ಹೋಸಿನಲ್ಲಿ ಎಣ್ಣೆ ಜಿನುಗುವುದು ಕಂಡಿತು. ಮರುದಿನ ಬೆಳಿಗ್ಗೆ ಬದಲಿಸಿದೆವು.

ಮೊನ್ನೆ ಮತ್ತೆ ಗಡಿಯಾರ ಹಿಡಿದೆ. ಒಂದನೇ ಮೆಷಿನ್ ಒತ್ತಿದ್ದು 345 ನಿಮಿಷ. ಆರ್ಡರುಗಳು ಹೇಳಿದ ದಿನಕ್ಕೆ ಹೋಗುತ್ತಿವೆ, ರಾತ್ರಿ ಕೆಲಸ ಇಲ್ಲ. ಸಾಲದ ಕಾಗದ ಇನ್ನೂ ಡ್ರಾಯರಿನಲ್ಲೇ ಇದೆ.

ಅಂಚು ಕತ್ತರಿಸುವ ನನ್ನ ಮೇಜು ಮಾತ್ರ ಇನ್ನೂ ಹಾಗೆಯೇ ಉಳಿದಿದೆ. ಈಗ ಒತ್ತಿದ ತಟ್ಟೆ ಅಲ್ಲಿ ಬಂದು ಕಾಯುತ್ತದೆ. ಬರುವ ಭಾನುವಾರ ಅಕ್ಕಂದಿರಲ್ಲಿ ಒಬ್ಬರು ಕ್ಯಾಲೆಂಡರ್ ಕಾಗದ ಹಿಡಿದು ಕೂರುತ್ತಾರೆ. ಅವರು ಗೆರೆ ಎಳೆಯುವುದು, ನಾನು ನಡೆಯುವುದು.